ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಡುವ ಕೆಲಸ: ಬೆಂಗಳೂರಲ್ಲಿ ಹೊಟ್ಟೆ ತುಂಬುತ್ತಾ?

ಹನುಮಂತನಗರದವನು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ನಾನು ಹನ್ನೊಂದು ವರ್ಷ ಡೆಸ್ಕ್‌ಟಾಪ್ ಸಪೋರ್ಟ್ ಕೆಲಸದಲ್ಲಿದ್ದೆ. ಕಾಂಟ್ರಾಕ್ಟ್ ಮುಗಿಯಿತು, ಮುಂದುವರಿಸಲಿಲ್ಲ. ಬೇರೆ ಕೆಲಸ ಹುಡುಕುತ್ತಾ ಮನೆಯಲ್ಲಿದ್ದಾಗ ಎದುರುಮನೆ ಆಂಟಿ ತಮ್ಮ ಲ್ಯಾಪ್‌ಟಾಪ್ ತಂದರು. 2016ರಲ್ಲಿ ಮಗ ಕೊಡಿಸಿದ್ದು. ಆರನೇ ಜನರೇಷನ್ ಐ3, 4 ಜಿಬಿ ರ‍್ಯಾಮ್, ಹಳೇ ಕಾಲದ ಹಾರ್ಡ್ ಡಿಸ್ಕ್. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ನಿಂತಿತಲ್ಲ, ಅದರ ಸಂದೇಶ ಸ್ಕ್ರೀನ್ ತುಂಬಾ ಬರುತ್ತಿತ್ತು. ಒಂದು ಅಂಗಡಿಯಲ್ಲಿ ಕೇಳಿದರೆ "ಇದಕ್ಕೆ 11 ಹತ್ತಲ್ಲಮ್ಮ, ಹೊಸದು ತಗೊಳ್ಳಿ, 45 ಸಾವಿರ ಆಗುತ್ತೆ" ಅಂದರಂತೆ. ಅವರಿಗೆ ಬರುವುದು ಫ್ಯಾಮಿಲಿ ಪೆನ್ಷನ್.

ನಾನು ಹಾರ್ಡ್ ಡಿಸ್ಕ್ ಬದಲು ಅದಕ್ಕಿಂತ ವೇಗದ ಒಂದು 256 ಜಿಬಿ ಎಸ್‌ಎಸ್‌ಡಿ, ಇನ್ನೊಂದು 4 ಜಿಬಿ ರ‍್ಯಾಮ್ ಹಾಕಿ, ವಿಂಡೋಸ್ ಜಾಗದಲ್ಲಿ ಪುಕ್ಕಟೆ ಸಿಗುವ ಲಿನಕ್ಸ್, ಅದರಲ್ಲೂ ಹಳೇ ಮಷಿನ್‌ಗೆ ಹಗುರವಾದ ಮಿಂಟ್ ಎಕ್ಸ್‌ಎಫ್‌ಸಿಇ ಆವೃತ್ತಿ ಇನ್‌ಸ್ಟಾಲ್ ಮಾಡಿದೆ. ಮೊದಲು ಆಂಟಿ ಸ್ವಿಚ್ ಒತ್ತಿ ಅಡುಗೆಮನೆಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿ ಬರುತ್ತಿದ್ದರು. ಬಂದರೂ ಅದು ಇನ್ನೂ ಸುತ್ತುತ್ತಲೇ ಇರುತ್ತಿತ್ತು. ಈಗ ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ತಯಾರು. ಮಗನ ಜೊತೆ ವಿಡಿಯೋ ಕಾಲ್, ಕರೆಂಟ್ ಬಿಲ್, ದೇವರನಾಮ ಟೈಪ್ ಮಾಡಿ ಪ್ರಿಂಟ್ ತೆಗೆಯುವುದು, ಎಲ್ಲಾ ನಡೆಯುತ್ತಿದೆ. ಅವರ ಭಜನಾ ಮಂಡಳಿಯಿಂದ ಒಂದೇ ವಾರದಲ್ಲಿ ಐದು ಜನ ನನಗೆ ಫೋನ್ ಮಾಡಿದರು.

ಇದನ್ನೇ ಕೆಲಸ ಮಾಡಿಕೊಂಡರೆ ಹೇಗೆ ಅಂತ ಆಸೆ ಆಗಿದೆ. ಹನುಮಂತನಗರ, ಶ್ರೀನಗರ, ಗವಿಪುರ, ಬಸವನಗುಡಿ, ಚಾಮರಾಜಪೇಟೆ, ಇಷ್ಟೇ ಏರಿಯಾ. ಸ್ಕೂಟರಲ್ಲಿ ಹೋಗಿ ಮಾಡಿಕೊಡುವುದು. ಆದರೆ ತಲೆಯಲ್ಲಿ ಪ್ರಶ್ನೆಗಳು ಜಾಸ್ತಿ. ಪುಕ್ಕಟೆ ಸಿಗುವ ಸಾಫ್ಟ್‌ವೇರಿಗೆ ದುಡ್ಡು ಕೇಳಬಹುದಾ? ಕೇಳಿದರೆ ಜನ ಕೊಡುತ್ತಾರಾ? 500 ರೂಪಾಯಿಗೆ ಕ್ರ್ಯಾಕ್ ಮಾಡಿದ, ಅಂದರೆ ಲೈಸೆನ್ಸ್ ಇಲ್ಲದ, ವಿಂಡೋಸ್ ಹಾಕಿಕೊಡುವವರು ಗಲ್ಲಿಗಲ್ಲಿಯಲ್ಲಿದ್ದಾರೆ. ಎಷ್ಟು ತಗೊಳ್ಳಬೇಕು? ಯಾರಿಗೆ ಮಾಡಿಕೊಡಬಾರದು? ಅನುಭವ ಇರುವವರು ದಯವಿಟ್ಟು ಹೇಳಿ.

ಎಸ್‌ಪಿ ರೋಡ್ ರಿಪೇರಿ

ಸರ್, ಒಳ್ಳೆ ಕೆಲಸ. 18 ವರ್ಷದಿಂದ ಎಸ್‌ಪಿ ರೋಡಿನ ಒಳಗಲ್ಲಿಯಲ್ಲಿ ಲ್ಯಾಪ್‌ಟಾಪ್ ಬಿಚ್ಚುತ್ತಿದ್ದೇನೆ. ನನಗೆ ಗೊತ್ತಿರುವುದನ್ನ ಹೇಳುತ್ತೇನೆ.

ಮೊದಲನೇದು, ಗಿರಾಕಿಯ ಮಷಿನ್‌ಗೆ ಕೈ ಹಾಕುವ ಮುಂಚೆ ಪೆನ್‌ಡ್ರೈವಿನಿಂದ ಲೈವ್ ಬೂಟ್ ಮಾಡಿ. ಮಿಂಟನ್ನ ಇನ್‌ಸ್ಟಾಲ್ ಮಾಡದೆಯೇ ಓಡಿಸಿ ನೋಡಬಹುದು. ವೈಫೈ ಸಿಗುತ್ತಾ, ಸೌಂಡ್ ಬರುತ್ತಾ, ಕ್ಯಾಮೆರಾ ಕಾಣುತ್ತಾ, ಮುಚ್ಚಳ ಮುಚ್ಚಿ ತೆಗೆದರೆ ಏಳುತ್ತಾ, ಪ್ರಿಂಟರ್ ಹೊಡೆಯುತ್ತಾ. ಈ ಐದೂ ಅವರ ಕಣ್ಣೆದುರೇ ನೋಡಿ. ಬ್ರಾಡ್‌ಕಾಮ್, ರಿಯಲ್‌ಟೆಕ್‌ನ ಕೆಲವು ಹಳೇ ವೈಫೈ ಚಿಪ್‌ಗಳಿಗೆ ಡ್ರೈವರ್ ಬೇರೆ ಹಾಕಬೇಕು. ಜೇಬಲ್ಲಿ ಒಂದು ಯುಎಸ್‌ಬಿ ವೈಫೈ ಇಟ್ಟುಕೊಂಡಿರಿ.

ಎರಡನೇದು ನನ್ನ ತಪ್ಪಿನಿಂದ ಕಲಿತದ್ದು. ಅಂಗಡಿ ಶುರು ಮಾಡಿದ ಹೊಸದರಲ್ಲಿ ಒಬ್ಬರು "ನನ್ನದೆಲ್ಲಾ ಡೆಸ್ಕ್‌ಟಾಪ್ ಮೇಲೇ ಇದೆ" ಅಂದರು. ಅದನ್ನ ಕಾಪಿ ಮಾಡಿಕೊಂಡು ಡಿಸ್ಕ್ ಪೂರ್ತಿ ಫಾರ್ಮ್ಯಾಟ್ ಮಾಡಿದೆ. ಮಗಳ ಮದುವೆ ಫೋಟೋ ಡಿ ಡ್ರೈವಿನಲ್ಲಿತ್ತು. ರಿಕವರಿ ಸಾಫ್ಟ್‌ವೇರ್ ಹಾಕಿ ಮೂರು ದಿನ ಕೂತೆ, ಅರ್ಧಕ್ಕಿಂತ ಕಮ್ಮಿ ಸಿಕ್ಕಿತು. ಆ ತಂದೆ ನನಗೆ ಒಂದು ಮಾತೂ ಬೈಯಲಿಲ್ಲ. ಸುಮ್ನೆ ಲ್ಯಾಪ್‌ಟಾಪ್ ತಗೊಂಡು ಹೋದರು. ಇವತ್ತಿಗೂ ಅವರ ಮುಖ ನೆನಪಿದೆ.

ಅವತ್ತಿಂದ ಹಳೇ ಡಿಸ್ಕ್ ಅಳಿಸುವುದನ್ನೇ ಬಿಟ್ಟೆ. ಹೇಗೂ ಹೊಸ ಎಸ್‌ಎಸ್‌ಡಿ ಹಾಕುತ್ತೀರಿ. ಹಳೇದನ್ನ ಬಿಚ್ಚಿ, ಕವರಿಗೆ ಹಾಕಿ, ಹೆಸರು ತಾರೀಕು ಬರೆದು ಅವರ ಕೈಗೇ ಕೊಡಿ. "ಆರು ತಿಂಗಳು ಬೀರುವಿನಲ್ಲಿಡಿ" ಅನ್ನಿ. ಬೇಕಾದ ಫೈಲ್ ಅದರಿಂದ ಕಾಪಿ ಮಾಡಿಕೊಡಿ. ಇನ್ನೊಂದು, ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಆನ್ ಆಗಿದ್ದರೆ ಲಿನಕ್ಸಿನಿಂದ ಆ ಡಿಸ್ಕ್ ತೆರೆಯಲು 48 ಅಂಕಿಯ ರಿಕವರಿ ಕೀ ಬೇಕಾಗುತ್ತದೆ. ವಿಂಡೋಸ್ ಇನ್ನೂ ಓಡುತ್ತಿರುವಾಗಲೇ ಅದನ್ನ ನೋಡಿಕೊಳ್ಳಿ. ಆಮೇಲೆ ತಲೆ ಕೆಡಿಸಿಕೊಂಡರೆ ಪ್ರಯೋಜನ ಇಲ್ಲ.

ಸಾಮಾನಿನ ಮೇಲೆ ಲಾಭ ಇಟ್ಟುಕೊಳ್ಳಬೇಡಿ ಅಂತ ನನ್ನ ಸಲಹೆ. ಎಸ್‌ಎಸ್‌ಡಿ, ರ‍್ಯಾಮ್ ರೇಟು ತಿಂಗಳಿಗೊಂದು ತರಹ ಇರುತ್ತದೆ. ಬಿಲ್ ತೋರಿಸಿ ಅಷ್ಟೇ ತಗೊಳ್ಳಿ, ಕೂಲಿ ಬೇರೆ ತಗೊಳ್ಳಿ. ನಂಬಿಕೆ ಬರುತ್ತದೆ.

ಬೂಟ್‌ಲೋಡರ್

ದುಡ್ಡು ತಗೊಳ್ಳಬಹುದಾ ಅನ್ನುವುದಕ್ಕೆ ನೇರ ಉತ್ತರ: ಧಾರಾಳವಾಗಿ. ಲಿನಕ್ಸ್ ಹಂಚಲು ಅನುಮತಿ ಕೊಡುವ ಜಿಪಿಎಲ್ ಲೈಸೆನ್ಸ್ ಎಲ್ಲೂ ಬೇಡ ಅನ್ನುವುದಿಲ್ಲ. ಸ್ವತಂತ್ರ ಸಾಫ್ಟ್‌ವೇರಿಗಾಗಿ ಗ್ನೂ ಯೋಜನೆ ಶುರು ಮಾಡಿದ ರಿಚರ್ಡ್ ಸ್ಟಾಲ್ಮನ್ ಅವರೇ 1985ರಲ್ಲಿ ಈಮ್ಯಾಕ್ಸ್ ಅನ್ನುವ ಬರೆಯುವ ಸಾಫ್ಟ್‌ವೇರಿನ ಟೇಪನ್ನ 150 ಡಾಲರಿಗೆ ಮಾರುತ್ತಿದ್ದರು. ಬೇಕಾದವರು ನೆಟ್‌ವರ್ಕಿನಿಂದ ಪುಕ್ಕಟೆ ಇಳಿಸಿಕೊಳ್ಳಬಹುದಿತ್ತು. ಆದರೂ ಜನ ಟೇಪ್ ಕೊಂಡರು, ಅವರ ಜೀವನ ಅದರಿಂದ ನಡೆಯಿತು. ಇಲ್ಲಿ ಫ್ರೀ ಅಂದರೆ ಸ್ವಾತಂತ್ರ್ಯ. ಬಿಟ್ಟಿ ಅಂತಲ್ಲ.

ಎರಡು ಎಚ್ಚರಿಕೆ. ಪೆನ್‌ಡ್ರೈವಿನಲ್ಲಿ ಕಾಪಿ ಮಾಡಿ ಹಂಚಿದರೆ, ಕೇಳಿದವರಿಗೆ ಸೋರ್ಸ್ ಕೋಡ್, ಅಂದರೆ ಆ ಸಾಫ್ಟ್‌ವೇರಿನ ಮೂಲ ಬರಹ, ಒದಗಿಸುವ ಹೊಣೆಯೂ ನಿಮ್ಮ ಮೇಲೆ ಬರುತ್ತದೆ. ಮತ್ತೆ ಉಬುಂಟು, ಮಿಂಟ್ ಅನ್ನುವ ಲಿನಕ್ಸ್ ಆವೃತ್ತಿಗಳ ಹೆಸರು ಅವನ್ನ ಮಾಡಿದವರ ಸ್ವತ್ತು. ನಿಮ್ಮ ಬೋರ್ಡಿನ ಮೇಲೆ ಅವರ ಲೋಗೋ ಹಾಕಿ ಅವರದೇ ಶಾಖೆ ಅನ್ನುವ ಹಾಗೆ ತೋರಿಸಬೇಡಿ.

ಇನ್ನೊಂದು ಮಾತು, ಕೈ ಮುಗಿದು ಕೇಳಿಕೊಳ್ಳುತ್ತೇನೆ. ನಿಮ್ಮದೇ ಡಿಸ್ಟ್ರೋ, ಅಂದರೆ ಲಿನಕ್ಸಿನ ನಿಮ್ಮದೇ ಆವೃತ್ತಿ, ಮಾಡಲು ಹೋಗಬೇಡಿ. ಈ ಆಸೆ ಎಲ್ಲರಿಗೂ ಬರುತ್ತದೆ. ವಾಲ್‌ಪೇಪರ್ ಬದಲಾಯಿಸಿ ಹೊಸ ಹೆಸರಿಟ್ಟರೆ ಮುಂದೆ ಸೆಕ್ಯುರಿಟಿ ಅಪ್‌ಡೇಟ್ ಕೊಡುವ ಕೆಲಸವೂ ನಿಮ್ಮದೇ. ಒಬ್ಬರ ಕೈಲಿ ಆಗದು. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಇದೆ. ಅದೇ ಸಾಕು. ಎಲ್ಲಾ ಗಿರಾಕಿಗಳಿಗೂ ಒಂದೇ ಆವೃತ್ತಿ, ಒಂದೇ ಜೋಡಣೆ ಇಡಿ. ಫೋನಿನಲ್ಲಿ "ಎಡಗಡೆ ಕೆಳಗಿನ ಮೂಲೆ ಒತ್ತಿ" ಅಂದರೆ ಎಲ್ಲರ ಮನೆಯಲ್ಲೂ ಅದೇ ಬಟನ್ ಇರಬೇಕು.

ಹಳೇ ಅಂಗಡಿ, ವಿಜಯನಗರ

ನಿಮ್ಮ ಉತ್ಸಾಹಕ್ಕೆ ತಣ್ಣೀರು ಹಾಕಲು ಬರೆಯುತ್ತಿಲ್ಲ. ಆದರೆ ನಾನು ಇದನ್ನೇ ಮಾಡಿ ನಿಲ್ಲಿಸಿದವನು. ಅದಕ್ಕೇ ಹೇಳಲೇಬೇಕು.

ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ಕ್ಕೆ ಸಪೋರ್ಟ್ ನಿಂತಿತಲ್ಲ, ಆಗ ನನಗೂ ಇದೇ ಯೋಚನೆ ಬಂತು. ಒಂದು ಮಷಿನ್‌ಗೆ 500 ರೂಪಾಯಿ ಅಂತ ಶುರು ಮಾಡಿದೆ. ಮೊದಲ ನಾಲ್ಕು ತಿಂಗಳು ಕೆಲಸವೋ ಕೆಲಸ. ಆಮೇಲೆ ಏನಾಯಿತು ಗೊತ್ತಾ? ಫೋನ್ ನಿಲ್ಲಲಿಲ್ಲ. ದುಡ್ಡು ನಿಂತಿತು.

ಬೆಳಿಗ್ಗೆ ಏಳಕ್ಕೆ "ಲಿನಕ್ಸ್ ಹಾಕಿದಾಗಿನಿಂದ ಇಂಟರ್‌ನೆಟ್ ಬರ್ತಿಲ್ಲ" ಅಂತ ಕರೆ. ಹೋಗಿ ನೋಡಿದರೆ ಮೋಡೆಮ್ ಪ್ಲಗ್ ಕಿತ್ತಿರುತ್ತಿತ್ತು, ಕಸ ಗುಡಿಸುವಾಗ. ಇನ್ನೊಬ್ಬರ ಮಾನಿಟರ್ ಕೆಟ್ಟರೆ ಅದೂ ಲಿನಕ್ಸಿಂದಲೇ. ಅವರ ತಪ್ಪಲ್ಲ ಅದು. ಅವರ ಮನೆಯಲ್ಲಿ ಹೊಸದಾಗಿ ಬಂದದ್ದು ಅದೊಂದೇ. ಆದ್ದರಿಂದ ಬೆರಳು ಅದರ ಕಡೆಗೇ ಹೋಗುತ್ತದೆ. ಒಂದು ಸಲ ತಗೊಂಡ 500 ರೂಪಾಯಿಗೆ ಹನ್ನೆರಡು ಸಲ ಓಡಾಡಿದ್ದೇನೆ. ಪೆಟ್ರೋಲಿಗೆ ಸಾಲಲಿಲ್ಲ.

ಎರಡನೇ ಪೆಟ್ಟು, ಊರಿಂದ ಬಂದ ಅಳಿಯಂದಿರು. ಯುಗಾದಿಗೋ ದೀಪಾವಳಿಗೋ ಬರುತ್ತಾರೆ. "ಏನ್ ಮಾವ ಇದು, ಯಾರು ಹಾಕಿದ್ದು?" ಅಂತ ಅರ್ಧ ದಿನ ಕೂತು ಕ್ರ್ಯಾಕ್ ವಿಂಡೋಸ್ ಹಾಕಿ ಹೋಗುತ್ತಾರೆ. ನಾನು ಮನೆಯ ಹಿರಿಯರಿಗೆ ಮಾತ್ರ ಹೇಳಿಕೊಟ್ಟಿದ್ದೆ. ಆ ಮನೆಯಲ್ಲಿ ಕಂಪ್ಯೂಟರ್ ವಿಷಯದಲ್ಲಿ ಮಾತು ನಡೆಯುವುದು ಯಾರದ್ದು ಅಂತ ಕೇಳಲೇ ಇಲ್ಲ. ಮೊದಲ ದಿನವೇ ಆ ಮಗನನ್ನೋ ಮಗಳನ್ನೋ ಫೋನಿಗೆ ಕರೆಸಿ ಮಾತಾಡಿ. ಯಾಕೆ ಹಾಕುತ್ತಿದ್ದೇವೆ ಅಂತ ಅವರಿಗೆ ಗೊತ್ತಿರಲಿ.

ಮೂರನೇದು, ನಾನು ಬಾಯಿ ಬಿಟ್ಟರೆ ಲಿನಕ್ಸ್ ಅನ್ನುತ್ತಿದ್ದೆ. ಉಬುಂಟು ಬೇಕಾ, ಕೆಡಿಇ ಬೇಕಾ ಅಂತ ಗಿರಾಕಿಯನ್ನೇ ಕೇಳುತ್ತಿದ್ದೆ. ಹೋಟೆಲಿಗೆ ಬಂದವರಿಗೆ ಯಾವ ಅಕ್ಕಿ ಅಂತ ಕೇಳಿದ ಹಾಗೆ. ಅವರಿಗೆ ಬೇಕಾಗಿದ್ದದ್ದು ಊಟ.

ಈಗ ಮಾಡುವುದಾದರೆ ನಾನು ವರ್ಷದ ಲೆಕ್ಕದಲ್ಲಿ ಮಾಡುತ್ತೇನೆ. ಎಎಂಸಿ, ಅಂದರೆ ವಾರ್ಷಿಕ ನಿರ್ವಹಣೆ ಒಪ್ಪಂದ. ವರ್ಷಕ್ಕೆ ಎರಡು ಸಲ ನಾವೇ ಮನೆಗೆ ಹೋಗಿ ನೋಡುವುದು, ಜೊತೆಗೆ ಫೋನಿನಲ್ಲಿ ಸಹಾಯ. ಎಎಂಸಿ ಬೇಡ ಅಂದವರಿಗೆ ಇನ್‌ಸ್ಟಾಲ್ ಮಾಡಿಕೊಡುವುದೇ ಬೇಡ. ಈ ಒಂದು ಮಾತಿಗೆ ನಾನು ಆಗ ಗಟ್ಟಿಯಾಗಿ ನಿಂತಿದ್ದರೆ ಅಂಗಡಿ ಇರುತ್ತಿತ್ತು.

ಹನುಮಂತನಗರದವನು

ಸರ್, ನಿಮ್ಮ ಬರಹ ಎರಡು ಸಲ ಓದಿದೆ. ತುಂಬಾ ಥ್ಯಾಂಕ್ಸ್. ಲೆಕ್ಕ ಹಾಕಿ ನೋಡಿದೆ. ವರ್ಷಕ್ಕೆ 1,800 ಅಂತ ಇಟ್ಟರೆ 150 ಮನೆಗೆ 2,70,000. ತಿಂಗಳಿಗೆ 22,500. ಹೊಸ ಮಷಿನ್ ತಿಂಗಳಿಗೆ ಹತ್ತು, ಕೂಲಿ 1,500ರಂತೆ 15,000. ಒಟ್ಟು 37,500. ಬಾಡಿಗೆ ಅಂಗಡಿ ಇಲ್ಲದೇ ಇದ್ದರೆ ಬದುಕಬಹುದು ಅನ್ನಿಸುತ್ತದೆ. ಆದರೆ 150 ಮನೆ ಅಂದರೆ ವರ್ಷಕ್ಕೆ 300 ಭೇಟಿ. ಭಾನುವಾರ ಬಿಟ್ಟರೆ ದಿನಕ್ಕೆ ಒಂದು. ಅದಕ್ಕಿಂತ ಜಾಸ್ತಿ ಮನೆ ಒಬ್ಬನೇ ಹಿಡಿಯಬಾರದು, ಅಲ್ವಾ?

ಹಳೇ ಅಂಗಡಿ, ವಿಜಯನಗರ

ಸರಿಯಾಗಿದೆ. ಆದರೆ 150 ಮೊದಲ ವರ್ಷ ಆಗುವುದಿಲ್ಲ. ಮೊದಲ ವರ್ಷ 50 ಅಂತ ಇಟ್ಟುಕೊಂಡು ಮನೆಯವರ ಹತ್ತಿರ ಮಾತಾಡಿ. ಮತ್ತೆ ಏರಿಯಾ ಬಿಟ್ಟು ಹೊರಗೆ ಹೋಗಬೇಡಿ. ಒಬ್ಬರು ವೈಟ್‌ಫೀಲ್ಡಿಂದ ಕರೆದರೆ ಅವತ್ತಿನ ದಿನ ಮುಗಿಯಿತು.

ಅಕ್ಷರಜೋಡಣೆ

ಕನ್ನಡದ ವಿಷಯ ಯಾರೂ ಎತ್ತಲಿಲ್ಲವಲ್ಲ. ನಾನು ಚಾಮರಾಜಪೇಟೆಯ ಪ್ರೆಸ್ಸುಗಳಿಗೆ ಡಿಟಿಪಿ, ಅಂದರೆ ಕಂಪ್ಯೂಟರಲ್ಲಿ ಪುಟ ಜೋಡಣೆ, ಮಾಡಿಕೊಡುವವಳು. ಇಪ್ಪತ್ತು ವರ್ಷ ಆಯಿತು.

ನಿಮ್ಮ ಗಿರಾಕಿಗಳಲ್ಲಿ ಕನ್ನಡ ಟೈಪ್ ಮಾಡುವವರು ಬಂದರೆ ಮೊದಲು ಕೇಳಬೇಕಾದ್ದು, "ನೀವು ನುಡಿ ಕೀಲಿಮಣೆಯಾ, ಇಂಗ್ಲಿಷ್ ಸ್ಪೆಲ್ಲಿಂಗಾ?" ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನೇ ಸರ್ಕಾರ ಒಪ್ಪಿಕೊಂಡದ್ದು, ನುಡಿ ಸಾಫ್ಟ್‌ವೇರಿನಲ್ಲಿ ಇರುವುದೂ ಅದೇ. ಅದರಲ್ಲಿ ಪಳಗಿದ ಕೈ ಬೇರೆ ಯಾವುದಕ್ಕೂ ಒಗ್ಗುವುದಿಲ್ಲ. ನಾನು "ಕನ್ನಡ" ಅಂತ ಬರೆಯಬೇಕಾದರೆ ನನ್ನ ಬೆರಳು ಕೆ, ಎನ್, ಎಫ್, ಎನ್, ಡಬ್ಲ್ಯು ಅಂತ ತಾನೇ ಓಡುತ್ತದೆ. ಎಫ್ ಒತ್ತಿದರೆ ಒತ್ತಕ್ಷರದ ಕೊಂಡಿ. ನೋಡಿ ಒತ್ತುವುದಿಲ್ಲ, ಕಣ್ಣು ಕಾಗದದ ಮೇಲೆ ಇರುತ್ತದೆ. ಲಿನಕ್ಸಿನಲ್ಲಿ ಬೇರೆ ಭಾಷೆ ಟೈಪ್ ಮಾಡಿಸುವ ಐಬಸ್ ಜೊತೆ ಕೀಲಿಮಣೆಗಳಿರುವ ಎಂ17ಎನ್ ಪ್ಯಾಕೇಜ್ ಹಾಕಿದರೆ ಪಟ್ಟಿಯಲ್ಲಿ ಕೆಜಿಪಿ ಅಂತ ಬರುತ್ತದೆ. ಅದೇ ಇದು. ಇದೊಂದು ಗೊತ್ತಿಲ್ಲದೆ ಒಬ್ಬ ಹುಡುಗ ನನಗೆ ಇನ್‌ಸ್ಕ್ರಿಪ್ಟ್ ಅನ್ನುವ ಬೇರೆ ಕೀಲಿಮಣೆ ಹಾಕಿಕೊಟ್ಟು ಹೋದ. ಒಂದು ಆಮಂತ್ರಣ ಪತ್ರಿಕೆಗೆ ಇಡೀ ಮಧ್ಯಾಹ್ನ ಒದ್ದಾಡಿದ್ದೆ.

ಇನ್ನು ಹಳೇ ಕಡತಗಳ ಕಥೆ. ನುಡಿ, ಬರಹ ಸಾಫ್ಟ್‌ವೇರುಗಳ ಹಳೇ ಫಾಂಟುಗಳಲ್ಲಿ ಮಾಡಿದ ಫೈಲು ಯೂನಿಕೋಡ್, ಅಂದರೆ ಎಲ್ಲಾ ಮಷಿನ್‌ನಲ್ಲೂ ನಡೆಯುವ ಅಕ್ಷರ ಸಂಕೇತ, ಅಲ್ಲ. ಆ ಫಾಂಟ್ ಇಲ್ಲದ ಮಷಿನ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಕೊಂಬು, ಟೋಪಿ ಇಟ್ಟ ಹಾಗೆ ಕಾಣುತ್ತದೆ. ಗಿರಾಕಿ "ನನ್ನ ಕಾದಂಬರಿ ಹೋಯಿತು" ಅಂತ ಹೆದರುತ್ತಾರೆ. ಹೋಗಿರುವುದಿಲ್ಲ. ಕನ್ವರ್ಟರ್ ಇದೆ, ಯೂನಿಕೋಡಿಗೆ ಬದಲಾಯಿಸಿ ಕೊಡಬಹುದು. ಅರ್ಕಾವೊತ್ತು ಇರುವ ಜಾಗ, ಅಂಕಿಗಳು, ಉದ್ಧರಣ ಚಿಹ್ನೆ, ಇವನ್ನ ಆಮೇಲೆ ಕಣ್ಣಿಟ್ಟು ನೋಡಬೇಕು. ಇದನ್ನೇ ಬೇರೆ ಸೇವೆಯಾಗಿ ಇಡಿ. ಬಸವನಗುಡಿ, ಚಾಮರಾಜಪೇಟೆಯಲ್ಲಿ ಬರೆಯುವವರು, ಸಂಘಗಳು, ಮಠಗಳು ಎಷ್ಟಿವೆ! ಎಲ್ಲರ ಹತ್ತಿರವೂ ಇಂಥ ಹಳೇ ಫೈಲುಗಳ ರಾಶಿ ಇದೆ.

ಆದರೆ ಪ್ರೆಸ್ಸಿಗೆ ಪೇಜ್‌ಮೇಕರ್, ಕೋರಲ್‌ಡ್ರಾ ಫೈಲನ್ನೇ ಕಳಿಸಬೇಕಾದ ನನ್ನಂಥವರಿಗೆ ಈಗಲೇ ಲಿನಕ್ಸ್ ಹಾಕಬೇಡಿ. ನನ್ನ ಮನೆಯ ಮಷಿನ್‌ನಲ್ಲಿ ಮಿಂಟ್ ಇದೆ, ಗುಬ್ಬಿ, ನವಿಲು ಫಾಂಟ್ ಹಾಕಿಕೊಂಡು ಸಂತೋಷವಾಗಿ ಬರೆಯುತ್ತೇನೆ. ಕೆಲಸದ ಮಷಿನ್‌ನಲ್ಲಿ ವಿಂಡೋಸ್.

ಹನುಮಂತನಗರದವನು

ಮೇಡಂ, ಇದು ನನಗೆ ಹೊಳೆದೇ ಇರಲಿಲ್ಲ. ಆಂಟಿ ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ ಹೊಡೆಯುತ್ತಾರೆ, ಹಾಗಾಗಿ ಗೊತ್ತಾಗಲಿಲ್ಲ. ಇವತ್ತು ರಾತ್ರಿಯೇ ಕೆಜಿಪಿ ಹಾಕಿ ನೋಡಿದೆ. ಕೆ, ಎನ್, ಎಫ್, ಎನ್, ಡಬ್ಲ್ಯು. ಬಂತು!

ಲೆಕ್ಕ ಪಕ್ಕಾ

ಅಕೌಂಟೆಂಟ್ ಕಡೆಯಿಂದ ಒಂದೆರಡು ಮಾತು.

ಟ್ಯಾಲಿ ಬಳಸುವ ಅಂಗಡಿ, ಆಫೀಸು ಬಂದರೆ "ಇಲ್ಲ" ಅನ್ನಿ. ಟ್ಯಾಲಿ ವಿಂಡೋಸಿಗೆ ಮಾಡಿದ ಲೆಕ್ಕದ ಸಾಫ್ಟ್‌ವೇರ್. ವಿಂಡೋಸ್ ಸಾಫ್ಟ್‌ವೇರನ್ನ ಲಿನಕ್ಸಿನಲ್ಲಿ ನಡೆಸುವ ವೈನ್ ಮೂಲಕ ಅದನ್ನ ಓಡಿಸುವವರಿದ್ದಾರೆ. ಆದರೆ ಮಾರ್ಚ್ 31ರ ರಾತ್ರಿ ಅದು ಕೈ ಕೊಟ್ಟರೆ ನೀವು ಏನೂ ಮಾಡಲಾಗುವುದಿಲ್ಲ. ಬೇರೆಯವರ ಅನ್ನದ ವಿಷಯ ಅದು. ಡಿಜಿಟಲ್ ಸಹಿಯ ಟೋಕನ್ ಬಳಸುವ ಕಂಪನಿಗಳನ್ನೂ ಸದ್ಯಕ್ಕೆ ಬಿಡಿ. ಒಬ್ಬರೇ ಮಾಲೀಕರಾಗಿದ್ದು ಜಿಎಸ್‌ಟಿ ರಿಟರ್ನನ್ನ ಫೋನಿಗೆ ಬರುವ ಓಟಿಪಿಯಲ್ಲೇ ಸಲ್ಲಿಸುವವರಿಗೆ ಬ್ರೌಸರ್ ಸಾಕು, ಅಂಥವರಿಗೆ ಮಾಡಿಕೊಡಬಹುದು.

ನಿಮ್ಮ ಲೆಕ್ಕ. ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ. ಬರೀ ಸಾಮಾನು ಮಾರುವವರಿಗೆ ಕರ್ನಾಟಕದಲ್ಲಿ 40 ಲಕ್ಷ. ನೀವು ಎರಡೂ ಮಾಡುವುದರಿಂದ 20ನ್ನೇ ಗೆರೆ ಅಂತ ಇಟ್ಟುಕೊಳ್ಳಿ. ನಿಮ್ಮ ಲೆಕ್ಕದಲ್ಲಿ ಅಲ್ಲಿಗೆ ಇನ್ನೂ ದೂರ ಇದೆ. ಆದರೂ ಮೊದಲ ದಿನದಿಂದ ಪುಸ್ತಕ ಬರೆಯಿರಿ. 2025ರ ಜುಲೈನಲ್ಲಿ ಬೆಂಗಳೂರಿನ ಸಣ್ಣ ವ್ಯಾಪಾರಿಗಳಿಗೆ ಯುಪಿಐ ಲೆಕ್ಕ ನೋಡಿ ನೋಟಿಸ್ ಬಂದದ್ದು ನೆನಪಿದೆಯಲ್ಲ? ಎಷ್ಟೋ ಜನರ ಹತ್ತಿರ ತೋರಿಸಲು ಕಾಗದವೇ ಇರಲಿಲ್ಲ. ಎಸ್‌ಎಸ್‌ಡಿ ದುಡ್ಡನ್ನ ಗಿರಾಕಿಯಿಂದ ನೇರ ಅಂಗಡಿಗೇ ಕಟ್ಟಿಸಿ. ನಿಮ್ಮ ಖಾತೆಗೆ ಬರೀ ಕೂಲಿ ಬರಲಿ. ಕೆಲಸಕ್ಕೆ ಬೇರೆ ಬ್ಯಾಂಕ್ ಖಾತೆ ಮಾಡಿಸಿ. ಸಣ್ಣ ಉದ್ದಿಮೆಗಳಿಗೆ ಸರ್ಕಾರದ ಉದ್ಯಮ್ ನೋಂದಣಿ ಆನ್‌ಲೈನಲ್ಲಿ ಉಚಿತ. ಅದಕ್ಕೆ ದುಡ್ಡು ಕೇಳುವವರ ಕೈಗೆ ಸಿಗಬೇಡಿ.

ನಿವೃತ್ತ ಟೀಚರ್

ನಾನು ಗಿರಾಕಿ ಕಡೆಯವಳು. ವಯಸ್ಸು 67. ಹೈಸ್ಕೂಲಿನಲ್ಲಿ ಪಾಠ ಹೇಳಿದವಳು.

ನಮಗೆ ಏನು ಬೇಕು ಅಂತ ಹೇಳುತ್ತೇನಪ್ಪ. ಅಕ್ಷರ ದೊಡ್ಡದಾಗಿರಬೇಕು. ನಿನ್ನೆ ಇದ್ದದ್ದು ಇವತ್ತೂ ಅದೇ ಜಾಗದಲ್ಲಿರಬೇಕು. ಸೇವಾಸಿಂಧು, ಇ-ಖಾತಾ, ಬ್ಯಾಂಕು, ಇವುಗಳ ಬಟನ್ ಮುಂದೆಯೇ ಇರಬೇಕು. ಹೇಳಿಕೊಡುವಾಗ ಮೌಸ್ ನಮ್ಮ ಕೈಯಲ್ಲೇ ಇರಬೇಕು. ಹುಡುಗರು ಬಂದು ಮೌಸ್ ಕಿತ್ತುಕೊಂಡು ಟಕಟಕ ಅಂತ ಮಾಡಿ "ಅಷ್ಟೇ ಆಂಟಿ, ತುಂಬಾ ಸುಲಭ" ಅನ್ನುತ್ತಾರೆ. ಸುಲಭ ಅಂದ ಮೇಲೆ ಮತ್ತೆ ಕೇಳಲು ನಾಚಿಕೆ ಆಗುತ್ತದೆ. ಅದೊಂದು ಮಾತು ಬಳಸಬೇಡಿ.

ಇನ್ನೊಂದು ಭಯ. ರಿಪೇರಿಗೆ ಬರುವವರು ದೂರದಿಂದ ನಮ್ಮ ಕಂಪ್ಯೂಟರ್ ಒಳಗೆ ಬರುವ ಸಾಫ್ಟ್‌ವೇರ್ ಹಾಕುತ್ತೇವೆ ಅನ್ನುತ್ತಾರೆ. ಡಿಜಿಟಲ್ ಅರೆಸ್ಟ್ ಅಂತ ಹೆದರಿಸಿ ದುಡ್ಡು ಹೊಡೆದ ಸುದ್ದಿ ದಿನಾ ಓದುತ್ತೇವೆ. ಅಪರಿಚಿತರು ಸ್ಕ್ರೀನ್ ಕೇಳಿದರೆ ಕೊಡಬೇಡಿ ಅಂತ ಮಕ್ಕಳು ಹೇಳಿದ್ದಾರೆ. ನೀವು ಬಂದು "ನನಗೆ ಕೊಡಿ" ಅಂದರೆ ನಾವು ಹೇಗೆ ನಂಬೋಣ?

ಹನುಮಂತನಗರದವನು

ಟೀಚರ್, ನೀವು ಕೇಳಿದ್ದು ನೂರಕ್ಕೆ ನೂರು ಸರಿ. ನಾನು ರಸ್ಟ್‌ಡೆಸ್ಕ್ ಹಾಕಿ ದೂರದಿಂದಲೇ ಸರಿಮಾಡಿ ಪೆಟ್ರೋಲ್ ಉಳಿಸಬಹುದು ಅಂದುಕೊಂಡಿದ್ದೆ. ಅದು ಓಪನ್ ಸೋರ್ಸ್, ಕೆಲಸವೂ ಚೆನ್ನಾಗಿ ಮಾಡುತ್ತದೆ. ಆದರೆ ಒಬ್ಬ ಅಪರಿಚಿತನಿಗೆ ಸ್ಕ್ರೀನ್ ಕೊಡುವ ಅಭ್ಯಾಸವನ್ನ ನಾನೇ ಮಾಡಿಸಿದ ಹಾಗಾಗುತ್ತದೆ. ಹೀಗೆ ಮಾಡುತ್ತೇನೆ. 60 ದಾಟಿದವರ ಮನೆಗೆ ದೂರದ ಸಂಪರ್ಕ ಹಾಕುವುದೇ ಇಲ್ಲ, ಹೋಗಿಯೇ ನೋಡುತ್ತೇನೆ. ಉಳಿದವರಿಗೆ ಒಂದು ನಿಯಮ: ಅವರೇ ನನಗೆ ಕರೆ ಮಾಡಬೇಕು, ನಾನಾಗಿ ಯಾವತ್ತೂ ಕರೆ ಮಾಡಿ ಸ್ಕ್ರೀನ್ ಕೇಳುವುದಿಲ್ಲ. ಓಟಿಪಿ, ಪಾಸ್‌ವರ್ಡ್ ಯಾವತ್ತೂ ಕೇಳುವುದಿಲ್ಲ. ಇದನ್ನ ಕಾಗದದಲ್ಲಿ ಬರೆದು ಕಂಪ್ಯೂಟರ್ ಪಕ್ಕ ಅಂಟಿಸುತ್ತೇನೆ.

ಬೂಟ್‌ಲೋಡರ್

ಒಳ್ಳೆ ನಿರ್ಧಾರ. ಟೈಮ್‌ಶಿಫ್ಟ್ ಆನ್ ಮಾಡಿಡಿ, ಮಿಂಟಿನಲ್ಲೇ ಇದೆ. ಏನಾದರೂ ಹಾಳಾದರೆ ಹಿಂದಿನ ವಾರದ ಸ್ಥಿತಿಗೆ ತರಬಹುದು. ಆದರೆ ಅದು ಸಿಸ್ಟಮ್ ಫೈಲುಗಳಿಗೆ ಮಾತ್ರ. ಫೋಟೋ, ಕಾಗದಪತ್ರಗಳಿಗೆ ಬೇರೆ ಬ್ಯಾಕಪ್ ಬೇಕು. ವರ್ಡ್ ಬದಲು ಬಳಸುವ ಲಿಬ್ರೆ ಆಫೀಸಿನಲ್ಲಿ ಸೇವ್ ಮಾಡಿದರೆ ವರ್ಡ್ ಫೈಲ್ ಆಗಿಯೇ ಉಳಿಯುವ ಹಾಗೆ ಸೆಟ್ ಮಾಡಿ. ಕಾರ್ಲಿಟೊ, ಕಲಾಡಿಯಾ ಫಾಂಟ್ ಹಾಕಿ. ವರ್ಡಿನ ಕ್ಯಾಲಿಬ್ರಿ, ಕೇಂಬ್ರಿಯಾ ಅಕ್ಷರಗಳ ಅಗಲಕ್ಕೇ ಸರಿಯಾಗಿ ಮಾಡಿದ ಫಾಂಟುಗಳು. ಮಕ್ಕಳ ರೆಸ್ಯೂಮೆ ಒಂದು ಪುಟದಿಂದ ಎರಡನೇ ಪುಟಕ್ಕೆ ಜಾರುವುದಿಲ್ಲ.

ಮತ್ತೆ ಗಿರಾಕಿಗೆ ಹೆದರಿಸಬೇಡಿ. ವಿಂಡೋಸ್ 10 ಇರುವ ಮಷಿನ್ ನಾಳೆಯೇ ನಿಲ್ಲುವುದಿಲ್ಲ. ಮನೆ ಬಳಕೆದಾರರಿಗೆ ಒಂದು ವರ್ಷ ಹೆಚ್ಚಿನ ಸೆಕ್ಯುರಿಟಿ ಅಪ್‌ಡೇಟ್, 2026ರ ಅಕ್ಟೋಬರ್‌ವರೆಗೆ, ಮೈಕ್ರೋಸಾಫ್ಟಿನವರೇ ಕೊಟ್ಟಿದ್ದಾರೆ. ಅದನ್ನೂ ಹೇಳಿ, ಆಮೇಲೆ ಅವರೇ ತೀರ್ಮಾನ ಮಾಡಲಿ.

ಬೆಂಗಳೂರಿಗೆ ಇದು ಹೊಸದಲ್ಲ ಅನ್ನುವುದನ್ನೂ ನೆನಪಿಸಬೇಕು. ಭಾರತೀಯ ವಿಜ್ಞಾನ ಸಂಸ್ಥೆಯವರು ಸೇರಿ ಮಾಡಿದ ಸಿಂಪ್ಯೂಟರ್ ಅನ್ನುವ ಅಂಗೈ ಕಂಪ್ಯೂಟರ್ ಲಿನಕ್ಸಿನಲ್ಲೇ ಓಡುತ್ತಿತ್ತು. ಸಾಮಾನ್ಯ ಜನರಿಗೆ ಅಂತಲೇ ಮಾಡಿದ್ದು. ಅಂದುಕೊಂಡಷ್ಟು ಮಾರಾಟ ಆಗಲಿಲ್ಲ. ಅದೇ ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಇವತ್ತಿಗೂ ಫ್ರೀ ಸಾಫ್ಟ್‌ವೇರಿನಲ್ಲೇ ಕಲಿಯುತ್ತಾರೆ. ಅಲ್ಲಿ ಮೇಷ್ಟ್ರುಗಳಿಗೇ ಮೊದಲು ಟ್ರೇನಿಂಗ್ ಕೊಟ್ಟರು. ಶಾಲೆಯಲ್ಲಿ ಕೇಳಿದರೆ ಹೇಳುವವರು ಇದ್ದರು.

ಎಸ್‌ಪಿ ರೋಡ್ ರಿಪೇರಿ

ಪ್ರಿಂಟರ್ ಬಗ್ಗೆ ಹೇಳುವುದು ಮರೆತೆ. ಎಚ್‌ಪಿಯವರದ್ದಕ್ಕೆ ಎಚ್‌ಪಿಲಿಪ್ ಅನ್ನುವ ಡ್ರೈವರ್ ಇದೆ, ಕೆಲವು ಹಳೇ ಲೇಸರ್‌ಗಳಿಗೆ ಅದರ ಪ್ಲಗಿನ್ ಬೇರೆ ಇಳಿಸಬೇಕು. ಮೊಬೈಲಿಂದ ನೇರ ಪ್ರಿಂಟ್ ಆಗುವ ಈಚಿನ ವೈಫೈ ಪ್ರಿಂಟರ್‌ಗಳು ಸಾಮಾನ್ಯವಾಗಿ ಡ್ರೈವರ್ ಇಲ್ಲದೆಯೇ ಬರುತ್ತವೆ. ಮಾಡೆಲ್ ನಂಬರನ್ನ ಮನೆಗೆ ಹೋಗುವ ಮುಂಚೆಯೇ ಫೋಟೋ ತರಿಸಿಕೊಳ್ಳಿ.

ಹನುಮಂತನಗರದವನು (ಏಳು ವಾರದ ನಂತರ)

ಎಲ್ಲರಿಗೂ ಹೇಳಬೇಕು ಅಂತ ಬಂದೆ. ಶುರು ಮಾಡಿದ್ದೇನೆ.

ಇಲ್ಲಿವರೆಗೆ 14 ಮಷಿನ್. ಎಲ್ಲವೂ ಎಎಂಸಿ ಮೇಲೆ. ನಾಲ್ಕು ಜನ ಎಎಂಸಿ ಬೇಡ ಅಂದರು, ಬಿಟ್ಟೆ. ಬಿಡುವಾಗ ಹೊಟ್ಟೆ ಉರಿಯಿತು, ನಿಜ ಹೇಳುತ್ತೇನೆ. ಅದರಲ್ಲಿ ಒಬ್ಬರು ಮೂರು ವಾರ ಬಿಟ್ಟು ತಾವೇ ಬಂದರು. ಟ್ಯಾಲಿ ಇದ್ದ ಒಂದು ಹಾರ್ಡ್‌ವೇರ್ ಅಂಗಡಿಗೆ ಆಗುವುದಿಲ್ಲ ಅಂದೆ. ಆ ಮಾಲೀಕರು ಸಿಟ್ಟಾಗಲಿಲ್ಲ. ತಮ್ಮ ತಂಗಿ ಮನೆಯ ನಂಬರ್ ಕೊಟ್ಟರು.

ಕಷ್ಟ ಆದದ್ದು ಶ್ರೀನಗರದ ಒಂದು ಜೆರಾಕ್ಸ್ ಅಂಗಡಿ. ಆ ಅಂಗಡಿಯವರ ಲೇಸರ್ ಪ್ರಿಂಟರ್ ಹನ್ನೆರಡು ವರ್ಷ ಹಳೇದು, ಆನೆಯ ಹಾಗೆ ಗಟ್ಟಿ. ಲಿನಕ್ಸಿನಲ್ಲಿ ಮೊದಲ ಪುಟ ಹೊಡೆಯಿತು, ಎರಡನೇದಕ್ಕೆ ನಿಂತಿತು. ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಒಂದು ಪುಟ. ಹೊರಗೆ ಪರೀಕ್ಷೆ ಅರ್ಜಿ ಹಿಡಿದು ಮಕ್ಕಳು ಸಾಲಾಗಿ ನಿಂತಿದ್ದರು. ಲೈವ್ ಪೆನ್‌ಡ್ರೈವಿನಿಂದ ನೋಡುವಾಗ ನಾನು ಒಂದೇ ಪುಟ ಹೊಡೆದು ಸರಿ ಅಂದಿದ್ದೆ, ಅದೇ ನನ್ನ ತಪ್ಪು. ಅರ್ಧ ಗಂಟೆಯಲ್ಲಿ ಹಳೇ ಡಿಸ್ಕನ್ನ ಕವರಿನಿಂದ ತೆಗೆದು ವಾಪಸ್ ಹಾಕಿದೆ. ವಿಂಡೋಸ್ ಮೊದಲಿನ ಹಾಗೇ ಬಂತು. ರಿಪೇರಿ ಸರ್, ಅವತ್ತು ನಿಮ್ಮ ಮಾತು ನನ್ನನ್ನ ಉಳಿಸಿತು. ದುಡ್ಡು ತಗೊಳ್ಳಲಿಲ್ಲ. ಈಗ ಹತ್ತು ಪುಟ ಹೊಡೆಸಿ ನೋಡಿಯೇ ಮುಂದುವರಿಯುತ್ತೇನೆ.

ಟೀಚರ್ ಹೇಳಿದ ಹಾಗೆ ಮೌಸ್ ಮುಟ್ಟುವುದನ್ನ ಬಿಟ್ಟಿದ್ದೇನೆ. ಕೈ ಕಟ್ಟಿಕೊಂಡು ಪಕ್ಕದ ಕುರ್ಚಿಯಲ್ಲಿ ಕೂರುತ್ತೇನೆ. ಗವಿಪುರದಲ್ಲಿ ಒಬ್ಬರು ಅಜ್ಜ ಮೊದಲ ಫೋಲ್ಡರ್ ಮಾಡಲು ಇಪ್ಪತ್ತು ನಿಮಿಷ ತಗೊಂಡರು. ಅದಕ್ಕೆ ತಮ್ಮ ಹೆಂಡತಿಯ ಹೆಸರಿಟ್ಟು, ಫೋಟೋಗಳನ್ನ ಒಂದೊಂದಾಗಿ ಎಳೆದು ಹಾಕಿದರು. ನಾನು ಹೊರಟಾಗಲೂ ಹಾಕುತ್ತಲೇ ಇದ್ದರು.

ಕಂಪ್ಯೂಟರ್ ಪಕ್ಕ ಅಂಟಿಸುವ ಕಾಗದ ಹೀಗೆ ಬರೆದಿದ್ದೇನೆ. ತಪ್ಪಿದ್ದರೆ ತಿದ್ದಿ, ನಾಳೆ 50 ಪ್ರಿಂಟ್ ಹಾಕಿಸಬೇಕು.

"ನಾನಾಗಿ ಕರೆ ಮಾಡಿ ನಿಮ್ಮ ಸ್ಕ್ರೀನ್ ಕೇಳುವುದಿಲ್ಲ. ಓಟಿಪಿ, ಪಾಸ್‌ವರ್ಡ್ ಯಾರಿಗೂ ಹೇಳಬೇಡಿ, ನನಗೂ ಬೇಡ. ಕೆಳಗೆ ಬಲಗಡೆ ಗುರಾಣಿ ಗುರುತಿನ ಮೇಲೆ ಚುಕ್ಕೆ ಬಂದರೆ ಅದನ್ನ ಒತ್ತಿ ನವೀಕರಣ ಪ್ರಕ್ರಿಯೆ ಪೂರ್ಣಗೊಳಿಸಿ. ಕನ್ನಡಕ್ಕೆ ಬದಲಾಯಿಸಲು ವಿಂಡೋಸ್ ಗುರುತಿನ ಕೀ ಹಿಡಿದು ಸ್ಪೇಸ್ ಒತ್ತಿ. ಏನೇ ಅನುಮಾನ ಬಂದರೂ ಬೆಳಿಗ್ಗೆ 9ರಿಂದ ಸಂಜೆ 7ರವರೆಗೆ ಫೋನ್ ಮಾಡಿ. ಎಷ್ಟು ಸಲ ಕೇಳಿದರೂ ಬೇಜಾರಿಲ್ಲ."

ನಿವೃತ್ತ ಟೀಚರ್

ಕೊನೆಯ ಸಾಲು ಎಲ್ಲಕ್ಕಿಂತ ಮೇಲೆ ಹಾಕಪ್ಪ. ದಪ್ಪ ಅಕ್ಷರದಲ್ಲಿ.

ಅಕ್ಷರಜೋಡಣೆ

"ನವೀಕರಣ ಪ್ರಕ್ರಿಯೆ ಪೂರ್ಣಗೊಳಿಸಿ" ಬೇಡ. "ಅಪ್‌ಡೇಟ್ ಮಾಡಿ" ಅಂತ ಬರೆಯಿರಿ. ಅಕ್ಷರ 18 ಪಾಯಿಂಟಿಗಿಂತ ಕಮ್ಮಿ ಇಡಬೇಡಿ. ಫೈಲ್ ಇವತ್ತು ರಾತ್ರಿ ನನಗೆ ಕಳಿಸಿ, ಜೋಡಿಸಿ ಕೊಡುತ್ತೇನೆ. ಯೂನಿಕೋಡಲ್ಲೇ ಕಳಿಸಿ.